ಲಿವರ್ ಕಸಿಯ ನಂತರದ ಬದುಕಿಗೂ ದಾರಿ ಬಿಡಿ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಹಾಗೂ ಬೆಂಗಳೂರಿನ ನನ್ನ ನೆರೆಹೊರೆಯವರಿಗೆ,

ನಮಸ್ಕಾರಗಳು.

2025ರ ಆಗಸ್ಟ್ 1ರ ರಾತ್ರಿ ನಮ್ಮ ಮೆಟ್ರೋದಲ್ಲಿ ಒಂದು ಯಕೃತ್ತು ಪ್ರಯಾಣ ಮಾಡಿತು. ವೈಟ್‌ಫೀಲ್ಡ್ ಕಾಡುಗೋಡಿಯಲ್ಲಿ ರೈಲು ಹತ್ತಿದ ವೈದ್ಯರ ತಂಡ ಪೆಟ್ಟಿಗೆ ಹಿಡಿದು ರಾಜರಾಜೇಶ್ವರಿ ನಗರದಲ್ಲಿ ಇಳಿಯಿತು. ಸುಮಾರು 31 ಕಿಲೋಮೀಟರ್ ದಾರಿ. ಆ ಹೊತ್ತಿನಲ್ಲಿ ಅಷ್ಟು ದೂರವನ್ನು ರಸ್ತೆಯಲ್ಲಿ ದಾಟುವ ಕಷ್ಟ ಎಂಥದ್ದೆಂದು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದೇಹದಿಂದ ತೆಗೆದ ಯಕೃತ್ತನ್ನು ಮಂಜುಗಡ್ಡೆಯ ತಂಪಿನಲ್ಲಿಟ್ಟರೂ ಅರ್ಧ ದಿನದೊಳಗೆ ಇನ್ನೊಂದು ದೇಹಕ್ಕೆ ಜೋಡಿಸಬೇಕು. ಆ ರಾತ್ರಿ ಮೆಟ್ರೋ ಸಿಬ್ಬಂದಿ, ಪೊಲೀಸರು, ಆಂಬುಲೆನ್ಸ್ ಚಾಲಕರು, ರಾಜ್ಯದ ಅಂಗಾಂಗ ದಾನವನ್ನು ನೋಡಿಕೊಳ್ಳುವ ಜೀವಸಾರ್ಥಕತೆ ಸಂಸ್ಥೆಯ ಸಂಯೋಜಕರು ಕೂಡಿ ಮಾಡಿದ ಕೆಲಸ ಓದಿ ನನ್ನ ಕಣ್ಣು ತುಂಬಿ ಬಂತು. ಏಕೆಂದರೆ ನನ್ನ ಹೊಟ್ಟೆಯೊಳಗೂ ಇರುವುದು ಹಾಗೆಯೇ ಬಂದ ಯಕೃತ್ತು.

ನಾನು ಹನುಮಂತನಗರದ ನಿವಾಸಿ, ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಯಕೃತ್ತಿನ ಮೇಲೆ ತಿರುಗಿಬೀಳುವ ಆಟೋಇಮ್ಯೂನ್ ಹೆಪಟೈಟಿಸ್ ಎಂಬ ಕಾಯಿಲೆಯಿಂದ ನನ್ನ ಯಕೃತ್ತು ಸೋತಿತು. ಮಿದುಳು ನಿಷ್ಕ್ರಿಯಗೊಂಡ ಯಾರದೋ ಮನೆಯವರು, ತಮ್ಮ ದುಃಖದ ನಡುವೆಯೇ, ಒಂದು ಕಾಗದಕ್ಕೆ ಸಹಿ ಹಾಕಿದ್ದರಿಂದ ನಾನು ಬದುಕಿದೆ. ಅವರು ಯಾರೆಂದು ನನಗೆ ಗೊತ್ತಿಲ್ಲ. ದಾನಿಯ ಗುರುತನ್ನು ಗುಟ್ಟಾಗಿಡುವುದು ಪದ್ಧತಿ, ಅದು ಸರಿಯೂ ಹೌದು.

ಈ ಪತ್ರ ಬರೆಯುತ್ತಿರುವುದು ಶಸ್ತ್ರಚಿಕಿತ್ಸೆಯ ಬಗ್ಗೆ ಅಲ್ಲ. ಅದರ ನಂತರದ ಎರಡನೆಯ ವರ್ಷ, ಐದನೆಯ ವರ್ಷ, ಹತ್ತನೆಯ ವರ್ಷದ ಬಗ್ಗೆ. ಯಕೃತ್ತು ಬರುವ ದಾರಿಯನ್ನು ಇಡೀ ನಗರ ನಿಂತು ತೆರವು ಮಾಡಿಕೊಡುತ್ತದೆ. ಅದನ್ನು ಪಡೆದವರು ಡಿಸ್ಚಾರ್ಜ್ ಆಗಿ ಊರಿಗೆ ಹೋದ ಮೇಲೆ ಅವರು ಬಹುಮಟ್ಟಿಗೆ ಒಂಟಿ. ತಪಾಸಣೆಗೆ ಹೋದಾಗಲೆಲ್ಲ ಹೊರರೋಗಿ ವಿಭಾಗದ ಬೆಂಚಿನ ಮೇಲೆ ನನ್ನ ಪಕ್ಕ ಕೂರುವವರು ಕಲಬುರಗಿ, ಶಿವಮೊಗ್ಗ, ಚಾಮರಾಜನಗರ, ಕೊಪ್ಪಳದವರು. ನನಗೆ ಮನೆಯ ಬಾಗಿಲಿಗೆ ಆಟೋ ಬರುತ್ತದೆ, ಮಗಳ ಸಂಬಳವಿದೆ, ಇಂಗ್ಲಿಷ್ ಓದಲು ಬರುತ್ತದೆ. ಅವರಲ್ಲಿ ಅನೇಕರಿಗೆ ಈ ಮೂರೂ ಇಲ್ಲ. ಆದ್ದರಿಂದ ಅವರ ಪರವಾಗಿಯೂ ಬರೆಯುತ್ತಿದ್ದೇನೆ.

ಮೊದಲು ಸಾರ್ವಜನಿಕರಿಗೆ ಒಂದು ವಿಷಯ ತಿಳಿಸಬೇಕು, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಕಸಿ ಮಾಡಿದ ಯಕೃತ್ತನ್ನು ದೇಹ ಎಂದೂ ಪೂರ್ತಿಯಾಗಿ ತನ್ನದೆಂದು ಒಪ್ಪುವುದಿಲ್ಲ. ರಕ್ತದಲ್ಲಿರುವ ಕಾವಲು ಕಣಗಳು ಅದನ್ನು ಹೊರಗಿನದೆಂದು ಗುರುತಿಸಿ ದಾಳಿ ಮಾಡಲು ಕಾದಿರುತ್ತವೆ. ಅಮೆರಿಕದ ಶಸ್ತ್ರವೈದ್ಯ ಥಾಮಸ್ ಸ್ಟಾರ್ಜ್ಲ್ 1963ರಲ್ಲೇ ಮನುಷ್ಯನಿಗೆ ಯಕೃತ್ ಕಸಿ ಮಾಡಿದ್ದರು. ರೋಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದು 1967ರ ಕಸಿಯಲ್ಲಿ. ಹೊಲಿಯುವ ಕೈಚಳಕ ಬಂದಿತ್ತು, ದೇಹದ ದಾಳಿಯನ್ನು ತಡೆಯುವ ಒಳ್ಳೆಯ ಔಷಧ ಬಂದಿರಲಿಲ್ಲ. 1980ರ ದಶಕದಲ್ಲಿ ಸೈಕ್ಲೋಸ್ಪೊರಿನ್ ಎಂಬ ಅಂಥ ಔಷಧ ಬಂತು. 1984ರಲ್ಲಿ ಜಪಾನಿನ ತ್ಸುಕುಬಾ ಪರ್ವತ ಪ್ರದೇಶದ ಮಣ್ಣಿನಲ್ಲಿದ್ದ ಒಂದು ಬ್ಯಾಕ್ಟೀರಿಯಾದಿಂದ ಟ್ಯಾಕ್ರೋಲಿಮಸ್ ಎಂಬ ಇನ್ನೊಂದು ಔಷಧ ಸಿಕ್ಕಿತು, 1994ರಲ್ಲಿ ಅಮೆರಿಕದಲ್ಲಿ ಯಕೃತ್ ಕಸಿಗೆ ಅದರ ಬಳಕೆಗೆ ಒಪ್ಪಿಗೆ ದೊರೆಯಿತು. ಅದೇ 1994ರಲ್ಲಿ ನಮ್ಮ ದೇಶದ ಮಾನವ ಅಂಗಾಂಗ ಕಸಿ ಕಾಯ್ದೆಗೆ ಸಂಸತ್ತಿನ ಒಪ್ಪಿಗೆ ಸಿಕ್ಕಿದ್ದು, 1998ರಲ್ಲಿ ಭಾರತದಲ್ಲಿ ಯಕೃತ್ ಕಸಿ ಮೊದಲ ಬಾರಿಗೆ ಯಶಸ್ವಿಯಾದದ್ದು. ಈ ಚರಿತ್ರೆಯನ್ನು ನಾನು ತರಗತಿಯ ಚಪಲದಿಂದ ಹೇಳುತ್ತಿಲ್ಲ. ನಮ್ಮನ್ನು ಉಳಿಸಿರುವುದು ಅರ್ಧ ಶಸ್ತ್ರವೈದ್ಯರ ಕೈ, ಇನ್ನರ್ಧ ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ನುಂಗುವ ಆ ಟ್ಯಾಕ್ರೋಲಿಮಸ್ ಕ್ಯಾಪ್ಸೂಲ್. ಸರ್ಕಾರದ ಗಮನ ಮೊದಲರ್ಧಕ್ಕೆ ಬಂದಿದೆ. ಎರಡನೆಯದಕ್ಕೆ ಇನ್ನೂ ಸಾಕಷ್ಟು ಬಂದಿಲ್ಲ.

ಆ ಕ್ಯಾಪ್ಸೂಲಿನ ಲೆಕ್ಕ ಬಹಳ ಬಿಗಿಯಾದದ್ದು. ಬೆಳಿಗ್ಗೆ ಎಂಟಕ್ಕೆ ತೆಗೆದುಕೊಂಡರೆ ರಾತ್ರಿ ಎಂಟಕ್ಕೆ ಮತ್ತೆ ತೆಗೆದುಕೊಳ್ಳಬೇಕು, ನಡುವೆ ಹನ್ನೆರಡು ಗಂಟೆ. ರಕ್ತದಲ್ಲಿ ಅದು ಇರಬೇಕಾದದ್ದು ಮಿಲಿಲೀಟರಿಗೆ ಕೆಲವೇ ನ್ಯಾನೋಗ್ರಾಂ: ಮೊದಲ ತಿಂಗಳು ಸಾಮಾನ್ಯವಾಗಿ ಆರರಿಂದ ಹತ್ತು, ಆಮೇಲೆ ಇನ್ನೂ ಕಡಿಮೆ. ಮಟ್ಟ ಇಳಿದರೆ ದೇಹ ಯಕೃತ್ತಿನ ಮೇಲೆ ಬೀಳುತ್ತದೆ. ಏರಿದರೆ ಕೈ ನಡುಗುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ಸಕ್ಕರೆ ಕಾಯಿಲೆ ಕಾಲಿಡುತ್ತದೆ, ಮೂತ್ರಪಿಂಡ ನಿಧಾನವಾಗಿ ಕೆಡುತ್ತದೆ. ವರ್ಷಗಟ್ಟಲೆ ಚೆನ್ನಾಗಿದ್ದ ಯಕೃತ್ತಿನ ರೋಗಿಗಳು ಮುಂದೆ ಕಿಡ್ನಿ ವೈದ್ಯರ ಬಾಗಿಲಿಗೆ ಹೋಗಬೇಕಾಗುವುದಕ್ಕೆ ಇದೂ ಒಂದು ಕಾರಣ. ಅದಕ್ಕೇ ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ನಾವು ಅದನ್ನು ಟ್ಯಾಕ್ರೋ ಲೆವೆಲ್ ಎನ್ನುತ್ತೇವೆ. ಬೆಳಗಿನ ಕ್ಯಾಪ್ಸೂಲ್ ನುಂಗುವ ಮುಂಚೆಯೇ ರಕ್ತ ಕೊಡಬೇಕು, ಇಲ್ಲದಿದ್ದರೆ ಬರುವ ಅಂಕಿಗೆ ಅರ್ಥವಿಲ್ಲ.

ಈಗ ಕಲಬುರಗಿಯವರ ಪಾಡನ್ನು ಯೋಚಿಸಿ. ರಾತ್ರಿಯಿಡೀ ರೈಲಿನಲ್ಲಿ ಕುಳಿತು ಬರಬೇಕು. ಬೆಳಗಿನ ಕ್ಯಾಪ್ಸೂಲನ್ನು ನುಂಗದೆ ಚೀಲದಲ್ಲಿಟ್ಟುಕೊಂಡಿರಬೇಕು. ರೈಲು ತಡವಾದರೆ, ಆಸ್ಪತ್ರೆಯಲ್ಲಿ ಸಾಲು ಉದ್ದವಿದ್ದರೆ, ಹನ್ನೆರಡು ಗಂಟೆಯ ಅಂತರ ಹದಿನಾಲ್ಕು, ಹದಿನಾರಕ್ಕೆ ಹೋಗುತ್ತದೆ. ಜೊತೆಗೆ ಒಬ್ಬರ ಕೂಲಿ ಕೈಬಿಡುತ್ತದೆ, ಊಟ, ತಂಗುವ ಖರ್ಚು ಬೇರೆ. ಒಮ್ಮೆ ಒಬ್ಬ ತಾಯಿ ಮಗನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಲ್ಯಾಬಿನ ಬಾಗಿಲು ತೆರೆಯುವುದನ್ನೇ ಕಾಯುತ್ತಿದ್ದರು. ಇದಕ್ಕೆಲ್ಲ ಕಾರಣ ಒಂದು ಚಿಕ್ಕ ನಳಿಕೆ ರಕ್ತ. ಅದನ್ನು ತಂಪಾಗಿಟ್ಟರೆ ಕೆಲವು ದಿನ ಕೆಡುವುದಿಲ್ಲ. ಅಂದ ಮೇಲೆ ಜಿಲ್ಲಾ ಆಸ್ಪತ್ರೆಯಲ್ಲಿ ರಕ್ತ ತೆಗೆದು ಬೆಂಗಳೂರಿಗೆ ಕಳಿಸಿ, ಫಲಿತಾಂಶವನ್ನು ರೋಗಿಯ ಮೊಬೈಲಿಗೂ ಕಸಿ ತಂಡಕ್ಕೂ ತಲುಪಿಸುವುದು ಯಾಕೆ ಆಗಬಾರದು? ರಕ್ತ ಪ್ರಯಾಣ ಮಾಡಲಿ, ಮನುಷ್ಯ ಮನೆಯಲ್ಲಿರಲಿ. ಸಚಿವರೇ, ನನ್ನ ಬೇಡಿಕೆಗಳಲ್ಲಿ ಇದು ಮೊದಲನೆಯದು, ಕಡಿಮೆ ಖರ್ಚಿನದ್ದೂ ಹೌದು.

ಇನ್ನು ಔಷಧದ ಹಣ. ಬಡ ಕುಟುಂಬಗಳ ಅಂಗಾಂಗ ಕಸಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ರಾಜ್ಯ ನೆರವು ನೀಡುತ್ತಿದೆ, ಅದಕ್ಕೆ ಕೃತಜ್ಞಳಾಗಿದ್ದೇನೆ. ರಾಷ್ಟ್ರೀಯ ಅಂಗಾಂಗ ಕಸಿ ಕಾರ್ಯಕ್ರಮದಲ್ಲಿ ಬಿಪಿಎಲ್ ರೋಗಿಗಳ ಕಸಿಯ ನಂತರದ ಔಷಧಕ್ಕೆ ತಿಂಗಳಿಗೆ 10,000 ರೂಪಾಯಿವರೆಗೆ ಕೊಡಲು ಅವಕಾಶವಿದೆ. ಆದರೆ ಬೆಂಚಿನ ಮೇಲೆ ನನ್ನ ಪಕ್ಕ ಕುಳಿತವರನ್ನು ಕೇಳಿದರೆ ಇಂಥದ್ದೊಂದು ಇದೆ ಎಂದು ಬಲ್ಲವರು ಅಪರೂಪ. ಎಲ್ಲಿ ಅರ್ಜಿ ಹಾಕಬೇಕು, ಯಾವ ಕಾಗದ ಬೇಕು, ಯಾವ ಆಸ್ಪತ್ರೆಯಲ್ಲಿ ಕಸಿಯಾದವರಿಗೆ ಸಿಗುತ್ತದೆ ಎಂದು ಕನ್ನಡದಲ್ಲಿ ಒಂದು ಪುಟ ಬರೆದು ಪ್ರತಿ ಕಸಿ ಆಸ್ಪತ್ರೆಯ ಗೋಡೆಗೆ ಅಂಟಿಸಲು ಎಷ್ಟು ಹೊತ್ತು ಬೇಕು?

ಹಣ ಸಾಲದಾದಾಗ ಮನೆಗಳಲ್ಲಿ ಏನಾಗುತ್ತದೆ ಎನ್ನುವುದು ನನಗೆ ಗೊತ್ತು. ಚಿತ್ರದುರ್ಗದ ಕಡೆಯ ಒಬ್ಬರು, ಮಗಳ ಶಾಲೆಯ ಶುಲ್ಕ ಕಟ್ಟಬೇಕಾದ ತಿಂಗಳಲ್ಲಿ ಎರಡು ಹೊತ್ತಿನ ಕ್ಯಾಪ್ಸೂಲನ್ನು ಒಂದು ಹೊತ್ತಿಗೆ ಇಳಿಸಿದರು. ಆಗ ಏನೂ ಆದಂತೆ ಕಾಣಲಿಲ್ಲ. ಅಪಾಯವಿರುವುದೇ ಇಲ್ಲಿ. ಯಕೃತ್ತನ್ನು ದೇಹ ತಿರಸ್ಕರಿಸಲು ಶುರುಮಾಡಿದಾಗ ಬಹಳ ಸಲ ನೋವಿರುವುದಿಲ್ಲ. ಜ್ವರ, ಸುಸ್ತು, ಕಣ್ಣು ಹಳದಿಯಾಗುವುದು, ಮೂತ್ರ ಕಡುಬಣ್ಣಕ್ಕೆ ತಿರುಗುವುದು, ಮೈ ತುರಿಕೆ, ಇವೆಲ್ಲ ಕಾಣಿಸಿಕೊಳ್ಳಬಹುದು, ಕಾಣಿಸಿಕೊಳ್ಳದೆಯೂ ಇರಬಹುದು. ಎಷ್ಟೋ ಸಲ ಮೊದಲು ಸುಳಿವು ಕೊಡುವುದು ಯಕೃತ್ತಿನ ಸ್ಥಿತಿ ತಿಳಿಸುವ ರಕ್ತ ಪರೀಕ್ಷೆಯಾದ ಎಲ್‌ಎಫ್‌ಟಿ ವರದಿಯ ಅಂಕಿಗಳು ಮಾತ್ರ. ಅವರಿಗೂ ಹಾಗೆಯೇ ಆಯಿತು. ಸಕಾಲಕ್ಕೆ ಗೊತ್ತಾದರೆ ಸ್ಟೀರಾಯ್ಡ್ ಕೊಟ್ಟು, ಔಷಧದ ಪ್ರಮಾಣ ಹೆಚ್ಚಿಸಿ ಹೆಚ್ಚಿನವರನ್ನು ಸರಿಪಡಿಸಬಹುದು, ಅವರು ಸರಿಯಾದರು. ಆದರೆ ಅವರನ್ನು ಯಾರೂ ಬೈಯಬಾರದೆಂದು ನನಗೆ ಅನ್ನಿಸಿತು. ಮಗಳ ಶುಲ್ಕ ಮತ್ತು ತನ್ನ ಕ್ಯಾಪ್ಸೂಲ್ ನಡುವೆ ಒಂದನ್ನು ಆರಿಸುವ ಸ್ಥಿತಿಗೆ ಒಬ್ಬ ತಂದೆಯನ್ನು ತಂದು ನಿಲ್ಲಿಸಿದ ಮೇಲೆ, ಅವನು ಏನನ್ನು ಆರಿಸುತ್ತಾನೆಂದು ನಾವು ಮೊದಲೇ ಊಹಿಸಬೇಕಿತ್ತು.

ಇದರ ಜೊತೆಗೆ ಕಂಪನಿ ಬದಲಾಗುವ ತೊಂದರೆ. ಟ್ಯಾಕ್ರೋಲಿಮಸನ್ನು ಹಲವು ಕಂಪನಿಗಳು ತಯಾರಿಸುತ್ತವೆ. ಕೆಲವು ದಿನಕ್ಕೆ ಎರಡು ಬಾರಿ ನುಂಗುವಂಥವು, ಕೆಲವು ನಿಧಾನವಾಗಿ ಕರಗುವ, ದಿನಕ್ಕೆ ಒಂದೇ ಬಾರಿ ನುಂಗುವಂಥವು. ಇವನ್ನು ಒಂದರ ಬದಲು ಇನ್ನೊಂದೆಂದು ಕೊಡುವಂತಿಲ್ಲ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲೇ ಈ ಔಷಧವನ್ನು ಕಂಪನಿಯ ಹೆಸರಿನಿಂದಲೇ ಬರೆದುಕೊಡಬೇಕೆಂದು ವೈದ್ಯರಿಗೆ ಸಲಹೆ ನೀಡಿತು. ಅಗ್ಗದ ಔಷಧ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅಗ್ಗದ ಔಷಧವೇ ನಮ್ಮನ್ನು ಬದುಕಿಸುವುದು. ಬದಲಾಯಿಸುವುದಾದರೆ ವೈದ್ಯರಿಗೆ ತಿಳಿಸಿ ಬದಲಾಯಿಸಬೇಕು, ಬದಲಾಯಿಸಿದ ಮೇಲೆ ರಕ್ತದ ಮಟ್ಟ ನೋಡಬೇಕು, ಇಷ್ಟೇ. ಆದರೆ ಔಷಧ ಅಂಗಡಿಯಲ್ಲಿ "ಆ ಕಂಪನಿ ಇಲ್ಲ, ಇದೂ ಅದೇ" ಎಂದು ಕೈಗೆ ಹಾಕುತ್ತಾರೆ. ಸರ್ಕಾರದ ಖರೀದಿಯಲ್ಲೂ ಒಂದು ಟೆಂಡರಿಗೆ ಒಂದು ಕಂಪನಿ, ಮುಂದಿನದಕ್ಕೆ ಇನ್ನೊಂದು ಎಂದಾದರೆ ಇದೇ ಅಪಾಯ. ಜಿಲ್ಲೆಗೆ ಒಂದಾದರೂ ಜನೌಷಧಿ ಕೇಂದ್ರದಲ್ಲಿ ಈ ಔಷಧಗಳ ದಾಸ್ತಾನು ಎಂದೂ ಖಾಲಿಯಾಗದಂತೆ ನೋಡಿಕೊಳ್ಳುವ ಹೊಣೆಯನ್ನು ಒಬ್ಬ ಅಧಿಕಾರಿಗೆ ಹೆಸರು ಹಿಡಿದು ವಹಿಸಿ.

ನನ್ನ ಮೂರನೆಯ ಬೇಡಿಕೆ ಹೇಳುವಾಗ ಸ್ವಲ್ಪ ದೀರ್ಘವಾಗಿ ಮಾತನಾಡುತ್ತೇನೆ, ಕ್ಷಮಿಸಿ. ಮೂವತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಪಾಠ ಹೇಳಿದವಳಿಗೆ ಇದು ಹೊಟ್ಟೆ ಸಂಕಟದ ವಿಷಯ. ಡಿಸ್ಚಾರ್ಜ್ ಆಗುವಾಗ ರೋಗಿಯ ಕೈಗೆ ಬರುವ ಕಾಗದಗಳು ಇಂಗ್ಲಿಷಿನಲ್ಲಿ ಇರುತ್ತವೆ. ದಾದಿಯರು ಬಾಯಿಮಾತಿನಲ್ಲಿ ಪ್ರೀತಿಯಿಂದಲೇ ಎಲ್ಲವನ್ನೂ ಹೇಳುತ್ತಾರೆ. ಆದರೆ ಆಗ ರೋಗಿಗೆ ನಿದ್ದೆಗಣ್ಣು, ಮನೆಯವರಿಗೆ ಬಿಲ್ಲಿನ ಚಿಂತೆ. ಅರ್ಧ ನೆನಪಿರುವುದಿಲ್ಲ. ಇಂಗ್ಲಿಷಿನ ಹಾಳೆಗಳಲ್ಲಾದರೂ ಇರುವುದು ಯಾವುದೋ ದೇಶದ ಅಡುಗೆಮನೆಯ ಮಾತು. ದ್ರಾಕ್ಷಿಹಣ್ಣನ್ನೇ ಹೋಲುವ ಹೆಸರಿನ ಗ್ರೇಪ್‌ಫ್ರೂಟ್ ತಿನ್ನಬೇಡಿ ಎಂದು ಬರೆದಿರುತ್ತದೆ. ಅದನ್ನು ಓದಿ ನಮ್ಮವರು ದ್ರಾಕ್ಷಿ ಬಿಟ್ಟುಬಿಡುತ್ತಾರೆ, ಚಕ್ಕೋತ ತಿನ್ನುತ್ತಾರೆ. ಆದರೆ ಬಿಡಬೇಕಾದದ್ದು ಚಕ್ಕೋತವೇ. ಅದರಲ್ಲೂ ಗ್ರೇಪ್‌ಫ್ರೂಟಿನಲ್ಲಿರುವಂಥ ರಾಸಾಯನಿಕಗಳಿವೆ. ಟ್ಯಾಕ್ರೋಲಿಮಸನ್ನು ಕರಗಿಸುವ ಕಿಣ್ವವನ್ನು ಅವು ಕಟ್ಟಿಹಾಕುತ್ತವೆ, ರಕ್ತದಲ್ಲಿ ಔಷಧದ ಮಟ್ಟ ಏರುತ್ತದೆ. ವಿಮಾನ ನಿಲ್ದಾಣದ ದಾರಿಯ ದೇವನಹಳ್ಳಿ ಚಕ್ಕೋತಕ್ಕೇ ಹೆಸರಾದ ಊರು, ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಹಣ್ಣದು. ಬೆಂಗಳೂರಿನ ಆಸ್ಪತ್ರೆಗಳು ಕೊಡುವ ಕಾಗದದಲ್ಲಿ ಆ ಹಣ್ಣಿನ ಹೆಸರು ಇಲ್ಲದಿದ್ದರೆ ಇನ್ನೆಲ್ಲಿ ಇರಬೇಕು?

ಆದ್ದರಿಂದ ನಮ್ಮ ನೆಲದ, ನಮ್ಮ ಅಡುಗೆಮನೆಯ, ನಮ್ಮ ಬೀದಿಯ ಒಂದು ಕನ್ನಡ ಕೈಪಿಡಿ ಬೇಕು. ಅದರಲ್ಲಿ ಏನಿರಬೇಕೆಂದು ನನ್ನ ಅನುಭವದಿಂದಲೂ, ನನ್ನ ವೈದ್ಯರು ತಾಳ್ಮೆಯಿಂದ ಹೇಳಿಕೊಟ್ಟದ್ದರಿಂದಲೂ ಕೆಲವನ್ನು ಹೇಳುತ್ತೇನೆ.

ನೋವಿನ ಮಾತ್ರೆಯ ವಿಷಯ ಮೊದಲ ಪುಟದಲ್ಲೇ ಇರಬೇಕು. ಮಂಡಿನೋವಿಗೆಂದು ಅಂಗಡಿಯಲ್ಲಿ ಕೇಳಿ ತರುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಟ್ಯಾಕ್ರೋಲಿಮಸ್ ಜೊತೆ ಸೇರಿದರೆ ಮೂತ್ರಪಿಂಡಕ್ಕೆ ಇಬ್ಬದಿಯ ಏಟು. ಗಂಟಲುನೋವಿಗೆ ಕೊಡುವ ಕ್ಲಾರಿಥ್ರೋಮೈಸಿನ್, ಚರ್ಮದ ಹುಳುಕಡ್ಡಿಗೆ ಕೊಡುವ ಫ್ಲುಕೊನಜೋಲ್, ಇಟ್ರಾಕೊನಜೋಲ್ ಔಷಧದ ಮಟ್ಟವನ್ನು ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಅದನ್ನು ನೆಲಕ್ಕಿಳಿಸುತ್ತವೆ. ಕ್ಷಯ ಇನ್ನೂ ಮನೆಮನೆಯ ಹತ್ತಿರವಿರುವ ನಮ್ಮ ನಾಡಿನಲ್ಲಿ ಈ ಮಾತು ತಾಲ್ಲೂಕು ವೈದ್ಯರಿಗೂ ಗೊತ್ತಿರಬೇಕು. ಈ ಔಷಧಗಳನ್ನು ಕೊಡಲೇಬಾರದೆಂದಲ್ಲ. ಕೊಡುವ ಮುಂಚೆ ಕಸಿ ತಂಡಕ್ಕೆ ಒಂದು ಫೋನ್ ಮಾಡಬೇಕು.

ಆಮೇಲೆ ಕಷಾಯದ ವಿಷಯ. ಇಲ್ಲಿ ನನ್ನ ಬಂಧುಗಳಿಗೂ ನೆರೆಹೊರೆಯವರಿಗೂ ಕೈಮುಗಿದು ಹೇಳುತ್ತೇನೆ. ಕಾಮಾಲೆಗೆ ನೆಲನೆಲ್ಲಿ, ರೋಗನಿರೋಧಕ ಶಕ್ತಿಗೆ ಅಮೃತಬಳ್ಳಿ, ಬಲಕ್ಕೆ ಅಶ್ವಗಂಧ ಎಂದು ನೀವು ತಂದುಕೊಡುವುದು ಪ್ರೀತಿಯಿಂದ ಎನ್ನುವುದು ನನಗೆ ಗೊತ್ತು. ಆದರೆ ನಮ್ಮ ರೋಗನಿರೋಧಕ ಶಕ್ತಿ ಏರಬಾರದು. ಅದನ್ನು ತಗ್ಗಿಸಿಡಲೆಂದೇ ನಾವು ದಿನವೂ ಔಷಧ ನುಂಗುವುದು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ಕುಡಿದವರಲ್ಲಿ ಕೆಲವರ ಯಕೃತ್ತಿಗೆ ಹಾನಿಯಾದದ್ದನ್ನು ಭಾರತದ ಯಕೃತ್ತಿನ ತಜ್ಞರು 2021ರಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿ ಮಾಡಿದ್ದಾರೆ. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಾದ ಅವರವರಲ್ಲಿ ನಡೆಯಲಿ. ಕಸಿಯಾದವರ ಮಟ್ಟಿಗೆ ಪ್ರಯೋಗ ಬೇಡ. ಮನೆಯಲ್ಲಿ ಒಗ್ಗರಣೆಗೆ ಹಾಕುವ ಅರಿಶಿನ, ಮೆಣಸು, ಜೀರಿಗೆಗೆ ಅಡ್ಡಿಯಿಲ್ಲ. ಗುಳಿಗೆಯಾಗಿ, ಗಟ್ಟಿ ಕಷಾಯವಾಗಿ, ಲೇಹ್ಯವಾಗಿ ಬರುವುದಕ್ಕೆ ಅಡ್ಡಿಯಿದೆ.

ಊಟದಲ್ಲಿ ಪಥ್ಯ ಅಷ್ಟೇನೂ ಕಠಿಣವಲ್ಲ. ಮುದ್ದೆ, ಸೊಪ್ಪಿನ ಸಾರು, ಬಿಸಿ ಅನ್ನ, ಬೇಯಿಸಿದ ಮೊಟ್ಟೆ, ಚೆನ್ನಾಗಿ ಬೆಂದ ಮಾಂಸ, ಕಾಯಿಸಿದ ಹಾಲು, ಸಿಪ್ಪೆ ಸುಲಿಯುವ ಬಾಳೆ ಮತ್ತು ಕಿತ್ತಳೆ ಎಲ್ಲವೂ ಸರಿ. ಶಸ್ತ್ರಚಿಕಿತ್ಸೆಯ ನಂತರ ಕರಗಿಹೋದ ಮಾಂಸಖಂಡ ಮತ್ತೆ ತುಂಬಿಕೊಳ್ಳಲು ಪ್ರೋಟೀನ್ ಬೇಕು. "ಲಿವರ್ ಆಪರೇಷನ್ ಆಗಿದೆ, ಬರೀ ಗಂಜಿ ಕೊಡಿ" ಎಂದು ರೋಗಿಯನ್ನು ಇನ್ನಷ್ಟು ಸೊರಗಿಸುವ ಮನೆಗಳನ್ನು ಕಂಡಿದ್ದೇನೆ. ಬಿಡಬೇಕಾದದ್ದು ಹಸಿಯಾದದ್ದು ಮತ್ತು ನೀರು ಎಲ್ಲಿಯದೆಂದು ಗೊತ್ತಿಲ್ಲದ್ದು. ರಾಮನವಮಿಯಂದು ಬೀದಿಬೀದಿಯ ಪೆಂಡಾಲಿನಲ್ಲಿ ಕೊಡುವ ಪಾನಕ, ಮಜ್ಜಿಗೆ, ನೆನೆಸಿದ ಹೆಸರುಬೇಳೆಯ ಕೋಸಂಬರಿ ನಮಗೆ ಮೊದಲ ತಿಂಗಳುಗಳಲ್ಲಿ ಕೂಡದು. ಪಾನಿಪೂರಿ, ಕತ್ತರಿಸಿಟ್ಟ ಹಣ್ಣು ಕೂಡದು. ಟ್ಯಾಂಕರ್ ನೀರೇ ಆಧಾರವಾದ ಬಡಾವಣೆಗಳಲ್ಲಿ ಕುಡಿಯುವ ನೀರನ್ನು ಕುದಿಸಿ ಆರಿಸಲೇಬೇಕು. ದೇವಸ್ಥಾನದ ತೀರ್ಥವನ್ನು ಕಣ್ಣಿಗೊತ್ತಿಕೊಂಡು ಬಿಟ್ಟರೆ ದೇವರು ಮುನಿಯುವುದಿಲ್ಲ. ಮದ್ಯ ಮಾತ್ರ ಹನಿಯೂ ಕೂಡದು, ಯಾವ ಕಾರಣದಿಂದ ಯಕೃತ್ತು ಹೋಗಿದ್ದರೂ.

ಬೆಂಗಳೂರಿನಲ್ಲಿ ಇನ್ನೂ ಎರಡು ಶತ್ರುಗಳಿವೆ. ಒಂದು ಪಾರಿವಾಳ. ಅಪಾರ್ಟ್‌ಮೆಂಟುಗಳ ಬಾಲ್ಕನಿ, ಎಸಿ ಪೆಟ್ಟಿಗೆಯ ಮೇಲೆಲ್ಲ ಅವುಗಳ ಹಿಕ್ಕೆ ಒಣಗಿ ಪುಡಿಯಾಗಿ ಗಾಳಿಯಲ್ಲಿ ಸೇರುತ್ತದೆ. ಅದರಲ್ಲಿ ಬೆಳೆಯುವ ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರ ಆರೋಗ್ಯವಂತರನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ, ನಮ್ಮ ಶ್ವಾಸಕೋಶವನ್ನೂ ಮಿದುಳಿನ ಪೊರೆಯನ್ನೂ ಹಿಡಿಯಬಲ್ಲದು. ಬಾಲ್ಕನಿ ಗುಡಿಸುವ ಕೆಲಸ ಬೇರೆಯವರದಾಗಲಿ. ಎರಡನೆಯದು ಮನೆ ಒಡೆದು ಕಟ್ಟುವ ದೂಳು, ಅದರಲ್ಲೂ ಶಿಲೀಂಧ್ರದ ಕಣಗಳಿರುತ್ತವೆ. ನಮ್ಮ ಬೀದಿಯಲ್ಲಿ ವರ್ಷವಿಡೀ ಒಂದಲ್ಲ ಒಂದು ಕಟ್ಟಡದ ಕೆಲಸ ನಡೆದೇ ಇರುತ್ತದೆ, ಹಾಗಾಗಿ ಮುಖಗವಸು ಇಲ್ಲದೆ ನಾನು ಹೊರಗೆ ಹೋಗುವುದಿಲ್ಲ. ಡೆಂಗಿಯನ್ನು 2024ರಲ್ಲಿ ರಾಜ್ಯ ಸರ್ಕಾರವೇ ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಮಳೆಗಾಲದಲ್ಲಿ ಸಂಪು, ಹೂಕುಂಡ ನೋಡಿಕೊಳ್ಳುವುದು ನಮ್ಮ ಚಿಕಿತ್ಸೆಯ ಭಾಗವೇ.

ಲಸಿಕೆಯ ಬಗ್ಗೆ ಒಂದೇ ಮಾತು. ಜೀವಂತ ವೈರಾಣುವಿರುವ ಲಸಿಕೆಗಳು, ಅಂದರೆ ದಡಾರ, ಸೀತಾಳೆ ಸಿಡುಬಿನಂಥವು, ಕಸಿಯ ನಂತರ ಸಾಮಾನ್ಯವಾಗಿ ಕೂಡದು. ವರ್ಷಕ್ಕೊಮ್ಮೆ ಫ್ಲೂ ಲಸಿಕೆಯನ್ನೂ, ವೈದ್ಯರು ಹೇಳಿದ ಸಮಯಕ್ಕೆ ನ್ಯುಮೋನಿಯಾ ಲಸಿಕೆಯನ್ನೂ ಹಾಕಿಸಿಕೊಳ್ಳಬೇಕು. ಮಗುವಿನ ಬಯಕೆಯಿರುವ ಹೆಣ್ಣುಮಕ್ಕಳಿಗೂ ಕೈಪಿಡಿಯಲ್ಲಿ ಒಂದು ಪುಟವಿರಲಿ. ಕಸಿಯಾಗಿ ಕನಿಷ್ಠ ಒಂದು ವರ್ಷ ಕಾಯಬೇಕು, ಕಸಿಯಾದವರಿಗೆ ಕೊಡುವ, ಗರ್ಭದ ಶಿಶುವಿಗೆ ಹಾನಿ ಮಾಡುವ ಮೈಕೊಫಿನೊಲೇಟ್ ಎಂಬ ಔಷಧವನ್ನು ವೈದ್ಯರ ಸಲಹೆಯಂತೆ ಮೊದಲೇ ಬದಲಾಯಿಸಿಕೊಳ್ಳಬೇಕು ಎಂದು ಹೇಳುವವರಿಲ್ಲದೆ ಅನೇಕರು ಭಯದಲ್ಲೇ ಇದ್ದಾರೆ. ಎಚ್ಚರಿಕೆಯಿಂದ ಇದ್ದು ಆರೋಗ್ಯವಂತ ಮಕ್ಕಳನ್ನು ಹೆತ್ತವರು ಬಹಳ ಜನ.

ಈಗ ತಾಲ್ಲೂಕು ಆಸ್ಪತ್ರೆಗಳ ವಿಷಯ. ನಮಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ಅದು "ನಾಳೆ ನೋಡೋಣ" ಎನ್ನುವ ಜ್ವರವಲ್ಲ. ಮೊದಲ ಆರು ತಿಂಗಳಂತೂ ಸೋಂಕು ಗಂಟೆಗಳಲ್ಲಿ ಹಬ್ಬಬಹುದು. ಔಷಧ ದೇಹದ ಪ್ರತಿರೋಧವನ್ನು ತಗ್ಗಿಸಿರುವುದರಿಂದ ಜ್ವರ ಕಡಿಮೆಯೇ ಕಾಣಿಸಬಹುದು, ಒಳಗಿನ ಸೋಂಕು ದೊಡ್ಡದಿರಬಹುದು. ವಾಂತಿಯಾಗಿ ಕ್ಯಾಪ್ಸೂಲ್ ಹೊಟ್ಟೆಯಲ್ಲಿ ನಿಲ್ಲದಿದ್ದರೂ ಅದು ತುರ್ತು ಸ್ಥಿತಿಯೇ. ಆದರೆ ತುರ್ತು ವಿಭಾಗದ ಬಾಗಿಲಲ್ಲಿ ನಾವು ನಡೆದೇ ಹೋಗುತ್ತೇವೆ, ರಕ್ತ ಸುರಿಯುತ್ತಿರುವುದಿಲ್ಲ, ಹಾಗಾಗಿ ಎಲ್ಲರಂತೆ ಸಾಲಿನಲ್ಲಿ ಕೂರಿಸುತ್ತಾರೆ. ಕಸಿಯಾದ ಪ್ರತಿಯೊಬ್ಬರಿಗೂ ಕನ್ನಡ ಮತ್ತು ಇಂಗ್ಲಿಷಿನಲ್ಲಿ ಒಂದು ಗುರುತಿನ ಚೀಟಿ ಕೊಡಿ. ಯಾವ ಕಸಿ, ಯಾವ ಔಷಧ, ಯಾವ ಔಷಧ ಕೊಡಬಾರದು, ಯಾವ ತಂಡಕ್ಕೆ ಫೋನ್ ಮಾಡಬೇಕು ಎಂಬಷ್ಟು ಅದರಲ್ಲಿರಲಿ. ಹಗಲೂ ರಾತ್ರಿ ಫೋನ್ ಎತ್ತುವ ಒಂದು ಸಹಾಯವಾಣಿ ಬೆಂಗಳೂರಿನಲ್ಲಿ ಇರಲಿ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜಠರ-ಕರುಳು ಮತ್ತು ಅಂಗಾಂಗ ಕಸಿಗೆಂದೇ ಸರ್ಕಾರಿ ಸಂಸ್ಥೆಯಿದೆ. ಸಹಾಯವಾಣಿಗೂ, ಜಿಲ್ಲಾ ವೈದ್ಯರ ತರಬೇತಿಗೂ ಅದಕ್ಕಿಂತ ತಕ್ಕ ಜಾಗ ನನಗೆ ಹೊಳೆಯುತ್ತಿಲ್ಲ.

ಜೀವಂತ ದಾನಿಗಳನ್ನು ನಾವೆಲ್ಲ ಬೇಗ ಮರೆಯುತ್ತೇವೆ. ಗಂಡನಿಗೆ, ಅಣ್ಣನಿಗೆ ತನ್ನ ಯಕೃತ್ತಿನ ಅರ್ಧಕ್ಕೂ ಹೆಚ್ಚನ್ನು, ಮಗುವಿಗೆ ಅದರ ಒಂದು ಭಾಗವನ್ನು ಕತ್ತರಿಸಿಕೊಟ್ಟ ಹೆಣ್ಣುಮಕ್ಕಳು ನನ್ನ ಪಕ್ಕದ ಬೆಂಚಿನಲ್ಲೇ ಇದ್ದಾರೆ. ಉಳಿದ ಭಾಗ ಎರಡು ಮೂರು ತಿಂಗಳಲ್ಲಿ ಬಹುಮಟ್ಟಿಗೆ ಮೊದಲಿನ ಗಾತ್ರಕ್ಕೆ ಬೆಳೆಯುತ್ತದೆ, ಇದು ಯಕೃತ್ತಿನ ವಿಶೇಷ. ಆದರೆ ಮನೆಯಲ್ಲಿ ಎಲ್ಲರೂ ರೋಗಿಯನ್ನು ನೋಡಿಕೊಳ್ಳುವಾಗ ಆಕೆ ಒಲೆಯ ಮುಂದೆ ನಿಂತಿರುತ್ತಾಳೆ, ಕೊಡ ಎತ್ತುತ್ತಿರುತ್ತಾಳೆ. ಕಸಿಯ ನಂತರದ ಯಾವುದೇ ಯೋಜನೆಯಲ್ಲಿ ದಾನಿಯ ತಪಾಸಣೆಯನ್ನೂ, ದುಡಿಯುವ ದಾನಿಗೆ ಸಂಬಳ ಸಹಿತ ರಜೆಯನ್ನೂ ಸೇರಿಸಿ.

ಸಮಾಜಕ್ಕೆ ಒಂದು ಮಾತು ಹೇಳಬೇಕು. "ಕುಡಿದು ಹಾಳುಮಾಡಿಕೊಂಡಿರಬೇಕು" ಎಂದು ಕಸಿಯಾದವರ ಬೆನ್ನ ಹಿಂದೆ ಆಡುವ ಮಾತನ್ನು ನಾನೂ ಕೇಳಿದ್ದೇನೆ. ಹೆಪಟೈಟಿಸ್ ಬಿ ಮತ್ತು ಸಿ, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆ ಬರುವ ಕೊಬ್ಬಿನ ಯಕೃತ್ತು, ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆ, ಹಸುಗೂಸುಗಳ ಪಿತ್ತನಾಳ ಮುಚ್ಚಿಹೋಗುವ ಕಾಯಿಲೆ, ಯಕೃತ್ತು ಸೋಲಲು ಕಾರಣಗಳು ಹತ್ತಾರು. ಮದ್ಯದಿಂದಲೇ ಸೋತವರೂ ಮನುಷ್ಯರೇ. ಅವರು ಮತ್ತೆ ಕುಡಿಯದಂತೆ ಕಾಯಬೇಕಾದರೆ ಆಪ್ತಸಲಹೆ ಬೇಕು, ಗೆಳೆಯರ ಬೆಂಬಲ ಬೇಕು. ಚುಚ್ಚುಮಾತಿನಿಂದ ಅದು ಆಗದು. ಕಸಿಯ ನಂತರ ಹಲವರಿಗೆ ಮನಸ್ಸು ಕುಗ್ಗುತ್ತದೆ, ನಿದ್ದೆ ಬರುವುದಿಲ್ಲ, ಬೇರೊಬ್ಬರು ಸತ್ತದ್ದರಿಂದ ತಾನು ಬದುಕಿದೆ ಎಂಬ ಭಾರ ಎದೆಯಲ್ಲಿ ಕೂರುತ್ತದೆ. ನನಗೂ ಕೂತಿತ್ತು. ನಮ್ಮ ಕಸಿ ತಂಡದಲ್ಲಿ ಮನೋವೈದ್ಯರೊಬ್ಬರು ಇದ್ದದ್ದು ನನ್ನ ಪುಣ್ಯ. ಎಲ್ಲ ಕಡೆ ಇರಬೇಕು.

ಕಚೇರಿ, ಕಾರ್ಖಾನೆಗಳ ಮಾಲೀಕರೇ, ಹೆಚ್ಚಿನವರು ಮೂರರಿಂದ ಆರು ತಿಂಗಳಲ್ಲಿ ಕೆಲಸಕ್ಕೆ ಮರಳಬಲ್ಲರು. ಮೊದಲ ಕೆಲವು ತಿಂಗಳು ಭಾರ ಎತ್ತಿಸಬೇಡಿ, ದೂಳಿನಲ್ಲಿ ನಿಲ್ಲಿಸಬೇಡಿ, ತಪಾಸಣೆಯ ದಿನ ರಜೆ ಕೊಡಿ. ಸಂಬಳ ಇದ್ದರೆ ಮಾತ್ರ ಕ್ಯಾಪ್ಸೂಲ್ ಇರುತ್ತದೆ. ರೋಗಿಯನ್ನು ನೋಡಲು ಮನೆಗೆ ಹೋಗುವವರೇ, ಕೆಮ್ಮು ನೆಗಡಿ ಇದ್ದರೆ ಫೋನಿನಲ್ಲೇ ಮಾತನಾಡಿಸಿ. ಹೋದರೆ ಮೊದಲು ಕೈ ತೊಳೆಯಿರಿ, ಹಣ್ಣು ಹೂವಿನ ಬದಲು ಸ್ವಲ್ಪ ಹೊತ್ತು ಹರಟೆಯನ್ನು ಕೊಡಿ.

ಸಚಿವರೇ, ನನ್ನ ಮಾತು ಉದ್ದವಾಯಿತು, ಕೇಳುತ್ತಿರುವುದು ಮಾತ್ರ ಕಡಿಮೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಟ್ಯಾಕ್ರೋಲಿಮಸ್ ಮತ್ತು ಎಲ್‌ಎಫ್‌ಟಿ ಪರೀಕ್ಷೆಗೆ ರಕ್ತ ಸಂಗ್ರಹ. ಬಡವರಿಗೆ ಬದುಕಿರುವವರೆಗೂ ಔಷಧ, ಕಂಪನಿ ಬದಲಾದರೆ ಉಚಿತವಾಗಿ ಮಟ್ಟದ ಪರೀಕ್ಷೆ. ಕನ್ನಡ ಕೈಪಿಡಿ, ಗುರುತಿನ ಚೀಟಿ, ಸಹಾಯವಾಣಿ. ದಾನಿಗಳ ಆರೈಕೆ. ಇವುಗಳಲ್ಲಿ ಕೈಪಿಡಿಗೆ ಬಜೆಟ್ಟಿನ ತನಕ ಕಾಯಬೇಕಾಗಿಲ್ಲ. ಕರಡು ಬರೆಯಲು ನಾನು ಸಿದ್ಧಳಿದ್ದೇನೆ, ನನ್ನಂತೆ ಕಸಿಯಾದ ಇತರರೂ ಕೂಡುತ್ತಾರೆ. ಪ್ರತಿ ಸಾಲನ್ನೂ ತಿದ್ದಿ ಒಪ್ಪಿಗೆ ಕೊಡಲು ನಿಮ್ಮ ಇಲಾಖೆಯಿಂದ ಒಂದು ವೈದ್ಯರ ಸಮಿತಿಯನ್ನು ನೇಮಿಸಿ. ಅಚ್ಚಾದ ಮೇಲೆ ಮೊದಲ ಪ್ರತಿಗಳು ಬೆಂಗಳೂರಿನಲ್ಲಿ ಉಳಿಯುವುದು ಬೇಡ, ದೂರದ ಜಿಲ್ಲೆಗಳ ರೋಗಿಗಳ ಕೈಗೆ ಅಂಚೆಯಲ್ಲಿ ಹೋಗಲಿ. ಸಮಿತಿಯ ಆದೇಶಕ್ಕಾಗಿ ಕಾಯುತ್ತಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಯಕೃತ್ ಕಸಿಯಾದ ಒಬ್ಬ ನಿವೃತ್ತ ಶಿಕ್ಷಕಿ
ಹನುಮಂತನಗರ, ಬೆಂಗಳೂರು